ಆಟಕ್ಕೊಂದು ಡಿಗ್ರಿ: ಗೋಣಿಚೀಲದ ಊರಿನ ಕಥೆ

ಹೋದ ವಾರ ಅಕ್ಕ ಫೋನ್ ಮಾಡಿದ್ದಳು. ಮಗ ಪಿಯುಸಿ ಮುಗಿಸಿದ್ದಾನೆ, ಗೇಮ್ ಡೆವಲಪ್‌ಮೆಂಟ್ ಓದ್ತೀನಿ ಅಂತ ಹಟ ಹಿಡಿದಿದ್ದಾನಂತೆ. "ಏನೋ ಇದು, ಆಟಕ್ಕೂ ಡಿಗ್ರಿ ಕೊಡ್ತಾರಾ? ನಾಲ್ಕು ವರ್ಷ ದುಡ್ಡು ಕಟ್ಟಿ ಇವನು ಆಟ ಆಡ್ಕೊಂಡು ಕೂರಬೇಕಾ?" ಅಂತ ಕೇಳಿದಳು. ಕೊಡ್ತಾರೆ ಕಣೇ ಅಂದೆ. ಆದರೆ ಮೊದಲು ಕೊಟ್ಟವರು ಯಾರು, ಯಾಕೆ ಕೊಟ್ಟರು ಅಂತ ನನಗೆ ಸರಿಯಾಗಿ ಹೇಳಲು ಬರಲಿಲ್ಲ. ಆಮೇಲೆ ಎರಡು ರಾತ್ರಿ ಕೂತು ಓದಿದೆ. ಓದುತ್ತಾ ಹೋದರೆ ದಾರಿ ಸೀದಾ ಗೋಣಿಚೀಲಕ್ಕೆ ಹೋಗಿ ಸೇರಿತು ಮಾರಾಯ್ರೆ!

ಊರಿನ ಹೆಸರು ಡಂಡೀ. ಸ್ಕಾಟ್ಲೆಂಡಿನ ಪೂರ್ವ ಕರಾವಳಿಯಲ್ಲಿ ಟೇ ನದಿ ಸಮುದ್ರ ಸೇರುವ ಕಡೆ ಇದೆ. ಸೆಣಬು, ಜಾಮು, ಪತ್ರಿಕೆ - ಈ ಮೂರಕ್ಕೆ ಹೆಸರಾದ ಊರು ಅಂತ ಹೇಳುವುದು ವಾಡಿಕೆ. ಸೆಣಬು ಹೋಗುತ್ತಿದ್ದದ್ದು ನಮ್ಮ ಬಂಗಾಳದಿಂದ. ಒರಟು ನಾರನ್ನು ಮೆತ್ತಗೆ ಮಾಡಲು ತಿಮಿಂಗಿಲದ ಎಣ್ಣೆ ಬೇಕಿತ್ತು, ಡಂಡೀ ತಿಮಿಂಗಿಲ ಬೇಟೆಯ ಬಂದರೂ ಆಗಿತ್ತು. ಎರಡೂ ಕೂಡಿ 19ನೇ ಶತಮಾನದಲ್ಲಿ ಇಡೀ ಊರು ಗೋಣಿಯ ಮಿಲ್ಲಾಯಿತು. ಮಿಲ್ಲಿನಲ್ಲಿ ದುಡಿದವರಲ್ಲಿ ಹೆಂಗಸರೇ ಹೆಚ್ಚು. ಆದರೆ 1855ರಲ್ಲಿ ಕಲ್ಕತ್ತದ ಹತ್ತಿರ ರಿಶ್ರಾದಲ್ಲಿ ಸೆಣಬಿನ ಮಿಲ್ಲು ಶುರುವಾಯಿತು. ಬೆಳೆ ಇದ್ದಲ್ಲೇ ಮಿಲ್ಲೂ ಬಂದ ಮೇಲೆ ಕೇಳಬೇಕೆ? ಆ ಶತಮಾನ ಮುಗಿಯುವ ಹೊತ್ತಿಗೆ ಹೂಗ್ಲಿ ದಡ ಡಂಡೀಯನ್ನು ಹಿಂದೆ ಹಾಕಿತು. ಹೂಗ್ಲಿಯ ಮಿಲ್ಲುಗಳನ್ನು ನಡೆಸಿಕೊಡಲು ಬಂದ ಮೇಸ್ತ್ರಿ, ಮ್ಯಾನೇಜರುಗಳಲ್ಲಿ ಬಹಳಷ್ಟು ಜನ ಡಂಡೀಯವರೇ ಅನ್ನುವುದು ಇನ್ನೊಂದು ತಮಾಷೆ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಅಲ್ಲಿಗೆ ಟೈಮೆಕ್ಸ್ ಕಂಪನಿ ಬಂದು ವಾಚು ಮಾಡತೊಡಗಿತು. ಇಲ್ಲೂ ಹೆಂಗಸರ ಕೈಗಳೇ. ವಾಚಿನ ವ್ಯಾಪಾರ ಇಳಿದಾಗ ಅದೇ ಕಾರ್ಖಾನೆಗೆ ಕ್ಲೈವ್ ಸಿಂಕ್ಲೇರ್ ಅವರ ಪುಟ್ಟ ಕಂಪ್ಯೂಟರುಗಳನ್ನು ಜೋಡಿಸುವ ಕೆಲಸ ಸಿಕ್ಕಿತು. 1982ರ ಏಪ್ರಿಲ್‌ನಲ್ಲಿ ಬಂದ ಝಡ್‌ಎಕ್ಸ್ ಸ್ಪೆಕ್ಟ್ರಮ್ ತಯಾರಾದದ್ದು ಇಲ್ಲೇ. ರಬ್ಬರ್ ಕೀಲಿಗಳು, 16 ಕೆಬಿ ಮೆಮೊರಿ, ಬೆಲೆ 125 ಪೌಂಡ್. ಟೀವಿಗೆ ಸಿಕ್ಕಿಸಿದರೆ ಸಾಕು. ಕಾರ್ಖಾನೆಯಿಂದ ಎಷ್ಟೋ ಯಂತ್ರಗಳು ಹಿಂಬಾಗಿಲಿನಿಂದ ಮನೆಗಳಿಗೆ ಬಂದವು ಅಂತ ಊರಿನವರು ನಗುತ್ತಾ ಹೇಳುತ್ತಾರಂತೆ. ಅದು ಹೇಗೇ ಇರಲಿ, ಅಮ್ಮಂದಿರು ಹಗಲು ಜೋಡಿಸಿದ ಯಂತ್ರದಲ್ಲಿ ಮಕ್ಕಳು ರಾತ್ರಿ ಬೇಸಿಕ್ ಕಲಿತ ಊರು ಅದು. ಆಗ ಆಟ ಬೇಕಾದರೆ ಮ್ಯಾಗಝೀನ್‌ನಲ್ಲಿ ಅಚ್ಚಾದ ಪ್ರೋಗ್ರಾಮನ್ನು ಸಾಲುಸಾಲಾಗಿ ಟೈಪು ಮಾಡಿಯೂ ಪಡೆಯಬಹುದಿತ್ತು. ಒಂದು ಅಕ್ಷರ ತಪ್ಪಿದರೂ ಆಟ ಓಡುವುದಿಲ್ಲ. ಅದಕ್ಕಿಂತ ಒಳ್ಳೆ ಮೇಷ್ಟ್ರು ಬೇಕೆ?

ಆ ಊರಿನ ಕಿಂಗ್ಸ್‌ವೇ ಟೆಕ್ನಿಕಲ್ ಕಾಲೇಜಿನಲ್ಲಿ ಹವ್ಯಾಸಿಗಳ ಕಂಪ್ಯೂಟರ್ ಕ್ಲಬ್ ಒಂದಿತ್ತು. ಸಿಲಬಸ್ ಇಲ್ಲ, ಪರೀಕ್ಷೆ ಇಲ್ಲ. ಡೇವಿಡ್ ಜೋನ್ಸ್, ಮೈಕ್ ಡೈಲಿ, ರಸೆಲ್ ಕೇ, ಸ್ಟೀವ್ ಹ್ಯಾಮಂಡ್ ಭೇಟಿಯಾದದ್ದು ಅಲ್ಲಿ. ಜೋನ್ಸ್ ಟೈಮೆಕ್ಸ್‌ನಲ್ಲೇ ಕೆಲಸಕ್ಕಿದ್ದ ಹುಡುಗ. ಕೆಲಸ ಬಿಡುವಾಗ ಬಂದ ಹಣದಲ್ಲಿ ಅಮಿಗಾ ಕಂಪ್ಯೂಟರ್ ಕೊಂಡು, ಅಲ್ಲಿನ ಡಂಡೀ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಗೆ ಓದಲು ಸೇರಿದ. ಸೇರಿದ್ದೇನೋ ಸರಿ, ಆಟ ಬರೆಯುವುದರಲ್ಲೇ ಮುಳುಗಿ ಓದನ್ನು ಅರ್ಧಕ್ಕೇ ಬಿಟ್ಟ. ಅವನು ಕಟ್ಟಿದ ಕಂಪನಿ ಡಿಎಂಎ ಡಿಸೈನ್. ಹೆಸರಿನ ಅರ್ಥವೇನು ಅಂದರೆ 'ಏನೂ ಅರ್ಥವಿಲ್ಲ' ಅಂತ ಇಂಗ್ಲಿಷಿನಲ್ಲಿ ಬಿಡಿಸಿ ಹೇಳುತ್ತಿದ್ದರಂತೆ! 1989ರಲ್ಲಿ ಮೈಕ್ ಡೈಲಿ ಬರೀ ಎಂಟು ಚುಕ್ಕಿ ಅಗಲ, ಎಂಟು ಚುಕ್ಕಿ ಎತ್ತರದ ಚೌಕದಲ್ಲಿ ನಡೆದಾಡುವ ಪುಟ್ಟ ಗೊಂಬೆಗಳನ್ನು ಬಿಡಿಸಿದ. ಅದರಿಂದ ಹುಟ್ಟಿದ್ದೇ 1991ರ ಫೆಬ್ರವರಿಯಲ್ಲಿ ಬಂದ ಲೆಮ್ಮಿಂಗ್ಸ್. ಗುಂಪಾಗಿ ನಡೆದು ಪ್ರಪಾತಕ್ಕೆ ಬೀಳಲು ಹೊರಟ ಹಸಿರು ಕೂದಲಿನ ಜೀವಿಗಳನ್ನು ಉಳಿಸುವ ಆಟ. ನೀವೂ ಆಡಿರಬಹುದು.

ಇತ್ತ ಟೈಮೆಕ್ಸ್ ಕಥೆ ಕೆಟ್ಟದಾಗಿ ಮುಗಿಯಿತು. 1993ರ ಜನವರಿಯಲ್ಲಿ ಮುಷ್ಕರ. ಮುಷ್ಕರ ಮಾಡಿದ ಮುನ್ನೂರಕ್ಕೂ ಹೆಚ್ಚು ಜನರನ್ನು ಕೆಲಸದಿಂದ ತೆಗೆದರು. ಅವರ ಜಾಗಕ್ಕೆ ಬೇರೆಯವರನ್ನು ಬಸ್ಸಿನಲ್ಲಿ ತುಂಬಿಕೊಂಡು ಬಂದರೆ ಹೆಂಗಸರು ಗೇಟಿನ ಮುಂದೆ ನಿಂತು ತಡೆದರು. ಆಗಸ್ಟ್ ಹೊತ್ತಿಗೆ ಕಾರ್ಖಾನೆಯೇ ಮುಚ್ಚಿತು.

ಮರುವರ್ಷ, ಅಂದರೆ 1994ರಲ್ಲಿ, ಜೋನ್ಸ್ ಬಿಟ್ಟುಬಂದ ಆ ಕಾಲೇಜು ಅಬರ್ಟೇ ವಿಶ್ವವಿದ್ಯಾಲಯವಾಯಿತು. 1888ರಿಂದ ನಡೆಯುತ್ತಾ ಬಂದ ಸಂಸ್ಥೆ ಅದು. ಗೋಣಿ ಹೋಗಿದೆ, ವಾಚು ಹೋಗಿದೆ, ಊರಲ್ಲಿ ಉಳಿದಿರುವುದು ಆಟ ಬರೆಯುವ ಹುಡುಗರು. 1997ರಲ್ಲಿ ಅಬರ್ಟೇ ಕಂಪ್ಯೂಟರ್ ಗೇಮ್ಸ್‌ಗೆ ಪದವಿ ಶುರುಮಾಡಿತು. ಅದು ಜಗತ್ತಿನಲ್ಲೇ ಮೊದಲನೆಯದು ಅಂತ ಅವರು ಹೇಳಿಕೊಳ್ಳುತ್ತಾರೆ. ಅಮೆರಿಕದ ಡಿಜಿಪೆನ್‌ನವರು ತಕರಾರು ತೆಗೆದಾರು: ಅವರಿಗೆ ಪದವಿ ಕೊಡುವ ಅನುಮತಿ ಸಿಕ್ಕಿದ್ದು 1996ರಲ್ಲೇ, ರೆಡ್ಮಂಡ್‌ನಲ್ಲಿ ಬಾಗಿಲು ತೆರೆದದ್ದು 1998ರಲ್ಲಿ. ಅವರ ಪದವಿಯ ಹೆಸರು 'ರಿಯಲ್ ಟೈಮ್ ಇಂಟರಾಕ್ಟಿವ್ ಸಿಮ್ಯುಲೇಶನ್'. ಹೆಸರಿನಲ್ಲಿ ಎಲ್ಲೂ ಗೇಮ್ ಅನ್ನುವ ಪದವೇ ಇಲ್ಲ ನೋಡಿ! ನಮ್ಮ ಅಕ್ಕನಂಥ ಅಪ್ಪ ಅಮ್ಮಂದಿರು ಅಲ್ಲೂ ಇದ್ದಿರಬೇಕು ಅಂತ ನನ್ನ ಗುಮಾನಿ.

ಇನ್ನು ಈ ಓದು ಅಂದರೆ ಆಟ ಆಡುವುದಲ್ಲ. ಸಿ ಪ್ಲಸ್ ಪ್ಲಸ್, ವೆಕ್ಟರ್, ಮ್ಯಾಟ್ರಿಕ್ಸ್, ಚೆಂಡು ಗೋಡೆಗೆ ಬಡಿದರೆ ಯಾವ ಕಡೆ ಪುಟಿಯಬೇಕು ಅನ್ನುವ ಭೌತಶಾಸ್ತ್ರ. ಅದರ ಮೇಲೆ ಅಬರ್ಟೇಯವರು ಇನ್ನೊಂದು ಒಳ್ಳೆ ಕೆಲಸ ಮಾಡಿದರು. 'ಡೇರ್ ಟು ಬಿ ಡಿಜಿಟಲ್' ಅಂತ ಒಂದು ಸ್ಪರ್ಧೆ ನಡೆಸಿದರು. ಐದೈದು ವಿದ್ಯಾರ್ಥಿಗಳ ತಂಡ, ಬೇಸಿಗೆಯ ಹತ್ತು ವಾರ, ಕೊನೆಗೆ ಆಡಿ ನೋಡಲು ಒಂದು ಆಟ ಕೈಯಲ್ಲಿರಬೇಕು. ಪ್ರೋಗ್ರಾಮು ಬರೆಯುವವನೂ ಚಿತ್ರ ಬಿಡಿಸುವವಳೂ ಜಗಳವಾಡಿಕೊಂಡು ಗಡುವಿನೊಳಗೆ ಮುಗಿಸುವುದೇ ಪಾಠ. ನನ್ನನ್ನು ಕೇಳಿದರೆ ಕ್ಲಬ್ಬಿನ ಗುಣವನ್ನು ಕಾಲೇಜಿನೊಳಕ್ಕೆ ತಂದದ್ದು ಇದೇ.

ಆಮೇಲೆ ಬ್ರಿಟನ್ನಿನ ತುಂಬ ಇಂಥ ಕೋರ್ಸುಗಳು ಮಳೆಗಾಲದ ಅಣಬೆಗಳ ಹಾಗೆ ಎದ್ದವು. 2011ರಲ್ಲಿ ಇಯಾನ್ ಲಿವಿಂಗ್‌ಸ್ಟನ್ ಮತ್ತು ಅಲೆಕ್ಸ್ ಹೋಪ್ ಬರೆದ ವರದಿ ಈ ಗುಳ್ಳೆಗೆ ಸೂಜಿ ಚುಚ್ಚಿತು. ಗೇಮ್ಸ್ ಕೋರ್ಸ್ ಮುಗಿಸಿದವರಲ್ಲಿ ಆರು ತಿಂಗಳೊಳಗೆ ಆ ಉದ್ಯಮದಲ್ಲಿ ಕೆಲಸ ಸಿಕ್ಕಿದ್ದು ನೂರಕ್ಕೆ 12 ಜನರಿಗೆ! ಬಹುಪಾಲು ಕಾಲೇಜುಗಳು ಹೆಸರನ್ನು ಮಾರಿದ್ದವು, ಗಣಿತವನ್ನಲ್ಲ. ಶಾಲೆಯಲ್ಲೇ ಕಂಪ್ಯೂಟರ್ ವಿಜ್ಞಾನ ಕಲಿಸಿ ಅಂತ ಆ ವರದಿ ಒತ್ತಾಯಿಸಿತು, ಇಂಗ್ಲೆಂಡಿನಲ್ಲಿ 2014ರ ಸೆಪ್ಟೆಂಬರ್‌ನಿಂದ ಅದು ಪಠ್ಯಕ್ಕೆ ಬಂತು.

ಹೆಸರು ಮಾರುವುದು ಅಂದೆನಲ್ಲ, ಅದರ ರುಚಿ ನಾನೂ ಕಂಡವನೇ. 2001ರಲ್ಲಿ ನಮ್ಮ ಊರಿನ ಬಸ್‌ಸ್ಟ್ಯಾಂಡ್ ಹಿಂದಿದ್ದ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಆರು ತಿಂಗಳ ವೆಬ್ ಡಿಸೈನ್ ಡಿಪ್ಲೊಮಾ ಮಾಡಿದೆ. ಅಪ್ಪ ಅಡಿಕೆ ದುಡ್ಡಲ್ಲಿ ಫೀಸು ಕಟ್ಟಿದ್ದರು. ಕಲಿಸಿದ್ದು ಫ್ರಂಟ್‌ಪೇಜ್, ಫ್ರೇಮುಗಳು, ಪರದೆಯ ಮೇಲೆ ಅಕ್ಷರ ಓಡಿಸುವ ಮಾರ್ಕೀ, ಸ್ವಲ್ಪ ಫ್ಲ್ಯಾಶ್. ಫ್ರೇಮು, ಮಾರ್ಕೀಗಳನ್ನು ಕೆಲವೇ ವರ್ಷಗಳಲ್ಲಿ ಜನ ನೋಡಿ ನಗುವಂತಾಯಿತು, 2020ರ ಕೊನೆಗೆ ಫ್ಲ್ಯಾಶ್‌ನ ತಿಥಿಯೂ ಆಯಿತು. ನನಗೆ ಅನ್ನ ಕೊಟ್ಟ ವಿದ್ಯೆ ಆ ಸರ್ಟಿಫಿಕೇಟಿನದ್ದಲ್ಲ. ಸೈಬರ್ ಕೆಫೆಯಲ್ಲಿ ಕೂತು ಬೇರೆಯವರ ಪುಟದ 'ವ್ಯೂ ಸೋರ್ಸ್' ಒತ್ತಿ, ಅದನ್ನು ನೋಟ್‌ಬುಕ್ಕಿನಲ್ಲಿ ನಕಲು ಮಾಡಿಕೊಂಡು ಬಂದದ್ದು. ಸ್ಪೆಕ್ಟ್ರಮ್‌ನ ಹುಡುಗರು ಮ್ಯಾಗಝೀನ್ ನೋಡಿ ಟೈಪು ಮಾಡಿದ ಹಾಗೇ. ಟೆಂಪ್ಲೇಟಿನ ಹೊಟ್ಟೆ ಬಗೆದು ಸೈಡ್‌ಬಾರ್ ಹಾಳುಮಾಡಿಕೊಂಡ ನಿಮಗೆಲ್ಲ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ.

ಕೋರ್ಸ್ ಒಳ್ಳೆಯದಿದ್ದರೂ ಕೆಲಸ ಗಟ್ಟಿ ಅಂತೇನೂ ಇಲ್ಲ. ಜೋನ್ಸ್ ಡಂಡೀಯಲ್ಲೇ ಕಟ್ಟಿದ ಇನ್ನೊಂದು ಕಂಪನಿ ರಿಯಲ್‌ಟೈಮ್ ವರ್ಲ್ಡ್ಸ್ 2010ರ ಆಗಸ್ಟ್‌ನಲ್ಲಿ ಮುಳುಗಿತು. ಹತ್ತಾರು ಕೋಟಿ ಡಾಲರ್ ಸುರಿದು ಮಾಡಿದ ಆಟ ಹೊರಬಂದು ಎರಡು ತಿಂಗಳೂ ಆಗಿರಲಿಲ್ಲ. ಟೈಮೆಕ್ಸ್ ಮುಚ್ಚಿದ್ದೂ ಆಗಸ್ಟ್‌ನಲ್ಲೇ. ಈ ಸಲ ಊರು ಪೂರ್ತಿ ಕುಸಿಯಲಿಲ್ಲ. ಮೈನ್‌ಕ್ರಾಫ್ಟ್ ಆಟವನ್ನು ಎಕ್ಸ್‌ಬಾಕ್ಸ್‌ಗೆ ತಂದ 4ಜೆ ಸ್ಟುಡಿಯೋಸ್ ಕೂಡ ಡಂಡೀಯದ್ದೇ.

ಡಿಎಂಎ ಡಿಸೈನ್ ಏನಾಯಿತು ಅಂತ ಕೇಳುವಿರಾ? ಅಬರ್ಟೇ ಕೋರ್ಸ್ ಶುರುವಾದ 1997ರಲ್ಲೇ ಅದು ಗ್ರ್ಯಾಂಡ್ ಥೆಫ್ಟ್ ಆಟೋ ತಂದಿತು. ಆಮೇಲೆ ಕೈಯಿಂದ ಕೈಗೆ ಹೋಗಿ, ಎಡಿನ್‌ಬರೋಗೆ ಗುಳೆ ಹೋಗಿ, 2002ರಲ್ಲಿ ರಾಕ್‌ಸ್ಟಾರ್ ನಾರ್ತ್ ಆಯಿತು. ಅದೇ 1997ರಲ್ಲಿ ಇತ್ತ ನಮ್ಮ ಬೆಂಗಳೂರಿನಲ್ಲಿ ರಾಜೇಶ್ ರಾವ್ ಧ್ರುವ ಇಂಟರಾಕ್ಟಿವ್ ಶುರುಮಾಡಿದ್ದರು. ಭಾರತದ ಮೊದಮೊದಲ ಗೇಮ್ ಕಂಪನಿಗಳಲ್ಲಿ ಒಂದು ಅದು. ಆಗ ಇಲ್ಲಿ ಹೇಳಿಕೊಡುವ ಕಾಲೇಜು ಎಲ್ಲಿತ್ತು? 2019ರಲ್ಲಿ ಆ ಧ್ರುವವನ್ನು ಕೊಂಡದ್ದು ರಾಕ್‌ಸ್ಟಾರ್ ಗೇಮ್ಸ್. ಒಂದು ಕಾಲಕ್ಕೆ ಬಂಗಾಳದ ಸೆಣಬು ಡಂಡೀಗೆ ಹೋಗುತ್ತಿತ್ತು. ಡಂಡೀಯಲ್ಲಿ ಹುಟ್ಟಿದ ಆಟದ ಕೆಲಸ ಈಗ ಬೆಂಗಳೂರಿಗೆ ಬಂದಿದೆ.

ನಿನ್ನೆ ಅಕ್ಕನಿಗೆ ಇಷ್ಟನ್ನೂ ಹೇಳಿದೆ. ಕೋರ್ಸಿನ ಹೆಸರು ನೋಡಬೇಡ, ಮೊದಲ ಎರಡು ವರ್ಷ ಗಣಿತ ಎಷ್ಟಿದೆ, ಹುಡುಗರು ತಂಡವಾಗಿ ಏನು ಮಾಡಿ ತೋರಿಸಿದ್ದಾರೆ ಅಂತ ಕೇಳು ಅಂದೆ. ಪೂರ್ತಿ ಕೇಳಿಸಿಕೊಂಡಳು. ಸ್ವಲ್ಪ ಹೊತ್ತು ಬಿಟ್ಟು, "ಅಲ್ವೋ, ಆ ಜೋನ್ಸು ಡಿಗ್ರಿ ಮುಗಿಸಲೇ ಇಲ್ವಾ? ಅದನ್ನ ಮಾತ್ರ ಇವನ ಮುಂದೆ ಹೇಳಬೇಡ" ಅಂದಳು.