ಇಪ್ಪತ್ತೊಂಬತ್ತು ಅಂಕಸ್ಥಾನಗಳ ಮಹಾಸಂಖ್ಯೆ

ಕ್ರಿ.ಶ. ೧೦ನೆಯ ಶತಮಾನದಲ್ಲಿ ಆಚಾರ್ಯ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಚಾವುಂಡರಾಯನ ನಿಮಿತ್ತವಾಗಿ ರಚಿಸಿದ ಗೊಮ್ಮಟಸಾರದ ಜೀವಕಾಂಡದಲ್ಲಿ ಪರ್ಯಾಪ್ತ ಮನುಷ್ಯರ ಸಂಖ್ಯೆಯನ್ನು ತಿಳಿಸುವ ಗಾಥೆಯೊಂದಿದೆ. ಸ್ವಾಧ್ಯಾಯ ಮಾಡುವ ನಮ್ಮಲ್ಲಿ ಬಹುಮಂದಿ ಅದಕ್ಕೆ ಕೈಮುಗಿದು ಮುಂದೆ ಸಾಗುತ್ತೇವೆ. ಆ ಸಂಖ್ಯೆ ಹೀಗಿದೆ:

೭೯,೨೨,೮೧,೬೨,೫೧,೪೨,೬೪,೩೩,೭೫,೯೩,೫೪,೩೯,೫೦,೩೩೬

ಇದರ ಹುಟ್ಟು ಅತಿ ಸರಳ. ಎರಡನ್ನು ವರ್ಗಿಸಿದರೆ ೪, ಅದನ್ನು ವರ್ಗಿಸಿದರೆ ೧೬, ಮುಂದೆ ೨೫೬, ನಾಲ್ಕನೆಯ ವರ್ಗ ೬೫,೫೩೬. ಮೊದಲ ಅಂಕಿಗಳಾದ ಅರವತ್ತೈದನ್ನು ಹಿಡಿದು ಇದನ್ನು ಪ್ರಾಕೃತದಲ್ಲಿ 'ಪಣ್ಣಟ್ಠಿ' ಎಂದರು. ಐದನೆಯ ವರ್ಗವು ೪,೨೯,೪೯,೬೭,೨೯೬. ಇದು ನಲವತ್ತೆರಡರಿಂದ ಆರಂಭವಾಗುವುದರಿಂದ 'ಬಾದಾಲ'. ಈ ಬಾದಾಲದ ಘನವೇ ಮೇಲಿನ ಮಹಾಸಂಖ್ಯೆ.

ಶ್ವೇತಾಂಬರ ಆಗಮವಾದ ಅನುಯೋಗದ್ವಾರಸೂತ್ರವು ಇದನ್ನೇ ಬೇರೆ ದಾರಿಯಿಂದ ಹೇಳುತ್ತದೆ: ಆರನೆಯ ವರ್ಗವನ್ನು ಐದನೆಯದರಿಂದ ಗುಣಿಸಿದಷ್ಟು, ಅಥವಾ ೯೬ ಸಲ ಅರ್ಧಿಸಬಹುದಾದಷ್ಟು. ಹೀಗೆ ಅರ್ಧಿಸುವ ಎಣಿಕೆಗೆ 'ಅರ್ಧಚ್ಛೇದ'ವೆಂದು ಹೆಸರು. ಕ್ರಿ.ಶ. ೮೧೬ರಲ್ಲಿ ವೀರಸೇನಾಚಾರ್ಯರು ಮುಗಿಸಿದ, ಮೂಡಬಿದಿರೆಯ ತಾಳೆಗರಿಗಳಲ್ಲಿ ಉಳಿದುಬಂದ ಧವಲಾ ಟೀಕೆಯಲ್ಲಿ ಇದರ ನಿಯಮಗಳಿವೆ: ಸಂಖ್ಯೆಗಳನ್ನು ಗುಣಿಸಿದಾಗ ಅವುಗಳ ಅರ್ಧಚ್ಛೇದಗಳನ್ನು ಕೂಡಿದರೆ ಸಾಕು. ಬಾದಾಲದ ಅರ್ಧಚ್ಛೇದ ೩೨; ಅದರ ಘನಕ್ಕೆ ೩೨ರ ಮೂರು ಪಾಲು, ೯೬. ಆರನೆಯ ವರ್ಗದ್ದು ೬೪. ಐದನೆಯದರ ೩೨ನ್ನು ಸೇರಿಸಿದರೂ ೯೬. ಎರಡು ಪರಂಪರೆಗಳ ಲೆಕ್ಕವೂ ಒಂದೇ. ಯುರೋಪಿನಲ್ಲಿ ನೇಪಿಯರನ ಲಾಗರಿಥಮ್ ಕೋಷ್ಟಕ ಪ್ರಕಟವಾದುದು ೧೬೧೪ರಲ್ಲಿ.

ಆದರೆ ಇಷ್ಟುದ್ದದ ಸಂಖ್ಯೆಯನ್ನು ಶತಮಾನಗಳ ಕಾಲ ಕೆಡದಂತೆ ಕಾಪಾಡುವುದು ಹೇಗೆ? ಲಿಪಿಕಾರನ ಕೈ ಒಂದೆಡೆ ಜಾರಿದರೂ ಲೆಕ್ಕ ಹೋಯಿತು. ಗಾಥೆಯಲ್ಲಿ ಅಂಕಿಗಳಿಲ್ಲ, ಕಟಪಯಾದಿ ಕ್ರಮದ ಅಕ್ಷರಗಳಿವೆ. ಮೊದಲ ತಕಾರ ೬, ಮುಂದಿನ ಎರಡು ಲಕಾರಗಳು ೩ ಮತ್ತು ೩, ನಕಾರ ೦. ಬಲದಿಂದ ಎಡಕ್ಕೆ ಬರೆಯುತ್ತ ಹೋದರೆ ಕಡೆಯ ಸಕಾರವು ೭ ಆಗಿ ಸಂಖ್ಯೆಯ ತಲೆಯಲ್ಲಿ ನಿಲ್ಲುತ್ತದೆ. ಅಕ್ಷರವೊಂದು ಬಿಟ್ಟುಹೋದರೆ ಛಂದಸ್ಸೇ ಮುಗ್ಗರಿಸಿ ತಪ್ಪನ್ನು ತೋರಿಸಿಕೊಡುತ್ತದೆ.

ವ್ಯಾಪಾರಿಯಾದ ನನಗೆ ಇನ್ನೊಂದು ಪರೀಕ್ಷೆ ರೂಢಿಯಲ್ಲಿದೆ, ಅಂಕಿಗಳನ್ನು ಕೂಡಿ ಒಂಬತ್ತನ್ನು ಕಳೆಯುವುದು. ಇಲ್ಲಿ ಮೊತ್ತ ೧೨೭. ಮತ್ತೆ ಕೂಡಿದರೆ ೧೦, ಅನಂತರ ೧. ಎರಡನ್ನು ಆರು ಸಲ ಗುಣಿಸಿ ಬರುವ ೬೪ನ್ನು ಒಂಬತ್ತರಿಂದ ಭಾಗಿಸಿದರೆ ೧ ಉಳಿಯುತ್ತದೆ. ೯೬ ಎಂದರೆ ಹದಿನಾರು ಆರುಗಳು, ಆದ್ದರಿಂದ ಇಲ್ಲಿಯೂ ಉಳಿಯಬೇಕಾದುದು ೧. ಆದರೆ ಎರಡು ಅಂಕಿಗಳು ಪರಸ್ಪರ ಸ್ಥಾನ ಬದಲಿಸಿದರೆ ಈ ಪರೀಕ್ಷೆಗೆ ತಿಳಿಯದು. ಲೆಕ್ಕ ಬರೆಯುವವರೆಲ್ಲ ಅದನ್ನು ಬಲ್ಲರು. ಅರ್ಧಚ್ಛೇದದ ಕಣ್ಣು ತಪ್ಪಿಸಲಾಗದು. ಒಂದೇ ಅಂಕಿ ಬೇರೆಯಾಗಿದ್ದರೂ ೯೬ನೆಯ ಅರ್ಧದಲ್ಲಿ ಸರಿಯಾಗಿ ೧ ಬಾರದು.

ಬಿಡುವಿದ್ದ ಧರ್ಮಬಾಂಧವರು ಕಾಗದ ಹಿಡಿದು ಕುಳಿತು ನೋಡಬಹುದು. ೩೨ ಸಲ ಅರ್ಧಿಸಿದಾಗ ಆರನೆಯ ವರ್ಗವಾದ ೧,೮೪,೪೬,೭೪,೪೦,೭೩,೭೦,೯೫,೫೧,೬೧೬ ದೊರೆಯುತ್ತದೆ. ೬೪ನೆಯದರಲ್ಲಿ ಬಾದಾಲ, ೮೦ನೆಯದರಲ್ಲಿ ಪಣ್ಣಟ್ಠಿ, ೮೮ನೆಯದರಲ್ಲಿ ೨೫೬, ೯೬ನೆಯದರಲ್ಲಿ ೧.