ನೀಲಗಿರಿಯ ಮಂಜು ಮತ್ತು ವೆಂಕಟಪ್ಪನವರ ಕುಂಚ

ನಮ್ಮ ನೀಲಗಿರಿಯ ಮಂಜನ್ನು ನೀರುಬಣ್ಣದಲ್ಲಿ ಚಿರಸ್ಥಾಯಿಗೊಳಿಸಿದ ಕೀರ್ತಿ ಮೈಸೂರಿನ ಚಿತ್ರಗಾರ ಮನೆತನದ ಕೆ. ವೆಂಕಟಪ್ಪನವರಿಗೆ (1886–1965) ಸಲ್ಲುತ್ತದೆ. ಚಿನ್ನದ ರೇಕು, ಒತ್ತಾದ ಬಣ್ಣ, ಕೂದಲೆಳೆಯಂಥ ರೇಖೆ ಇವು ಅವರಿಗೆ ವಂಶಾನುಗತವಾಗಿ ಬಂದ ವಿದ್ಯೆ. 1909ರಲ್ಲಿ ಅವರು ಮೈಸೂರು ಅರಸರ ಆಶ್ರಯದಿಂದ ಕಲ್ಕತ್ತೆಗೆ ತೆರಳಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು.

1903ರಲ್ಲಿ ಕಲ್ಕತ್ತೆಗೆ ಬಂದಿದ್ದ ಜಪಾನಿನ ಯೊಕೊಯಾಮ ತೈಕಾನ್ ಮೊದಲಾದವರ ಕುಂಚದ ಕೆಲಸವನ್ನು ಕಂಡು, ಅವನೀಂದ್ರರು ಹೊಸದೊಂದು ಕ್ರಮವನ್ನು ರೂಢಿಸಿದ್ದರು. ಬಣ್ಣ ಹಚ್ಚಿದ ಕಾಗದವನ್ನು ನೀರಿನಲ್ಲಿ ನೆನೆಸಿ, ಮತ್ತೆ ಮತ್ತೆ ಹಚ್ಚುವುದೇ ಆ ಕ್ರಮ. ಒತ್ತುಬಣ್ಣದಲ್ಲಿ ತಪ್ಪನ್ನು ಮೇಲಿನ ಲೇಪದಿಂದ ಮುಚ್ಚಬಹುದು. ತಿಳಿಬಣ್ಣದಲ್ಲಿ ಅದು ಸಾಧ್ಯವಿಲ್ಲ. ಅಲ್ಲಿ ಬಿಳುಪೆಂಬುದು ಹಚ್ಚುವ ವರ್ಣವಲ್ಲ, ಉಳಿಸಿಕೊಳ್ಳುವ ಕಾಗದ. ತಾಳ್ಮೆಯೇ ಅದರ ಮೊದಲ ಪಾಠ.

1920ರ ದಶಕದಲ್ಲಿ ವೆಂಕಟಪ್ಪನವರು ಉದಕಮಂಡಲದ ಕೆರೆಯನ್ನೂ ಮಳೆಮೋಡಗಳನ್ನೂ ಚಿತ್ರಿಸಿದಾಗ ಎರಡು ವಿದ್ಯೆಗಳೂ ಕೂಡಿಬಂದವು: ಮೋಡದ ತೆಳುಪು ಕಲ್ಕತ್ತೆಯದು, ಸೂಕ್ಷ್ಮ ವಿವರದ ನಿಷ್ಠೆ ಮನೆಯದು.

ಪರಸ್ಥಳದ ವಿದ್ಯೆಯನ್ನು ಕಲಿತೂ ತನ್ನತನವನ್ನು ಉಳಿಸಿಕೊಳ್ಳುವುದೆಂತು ಎಂಬುದು ಗಡಿನಾಡಿನ ಕನ್ನಡಿಗರಾದ ನಮಗೆ ನಿತ್ಯದ ಪ್ರಶ್ನೆ. ನಮ್ಮ ಮಕ್ಕಳು ನೆರೆನುಡಿಯ ವಿದ್ಯೆಯನ್ನೂ ಆದರದಿಂದ ಕಲಿಯಲಿ. ಮನೆಯ ನುಡಿಯನ್ನು ಮರೆಯದಿರಲಿ.