ಸೇತುವಿನ ದಾರಿಯ ಸಿಹಿನೀರು

ಬೆಟ್ಟದ ಯಾತ್ರೆಯಲ್ಲಿ ಏರಿದಷ್ಟು ದೂರ ಕಣ್ಣಿಗೆ ಕಾಣುತ್ತದೆ. ಸಮತಟ್ಟಾದ ಕಡಲದಂಡೆಯಲ್ಲಿ ಆ ಸಮಾಧಾನವಿಲ್ಲ. ರಾಮೇಶ್ವರದಿಂದ ಧನುಷ್ಕೋಟಿಯನ್ನು ಹಾದು ಅರಿಚಲ್‌ಮುನೈ ಎಂಬ ನೆಲದ ತುದಿಗೆ ಸುಮಾರು 20 ಕಿಲೋಮೀಟರು. ಎಡಕ್ಕೆ ಪಾಕ್ ಕೊಲ್ಲಿ, ಬಲಕ್ಕೆ ಮನ್ನಾರ್ ಕೊಲ್ಲಿ, ನಡುವೆ ಮರಳಿನ ಪಟ್ಟಿ. ಮೊದಲನೆಯದನ್ನು ಅಲ್ಲಿನ ಬೆಸ್ತರು ಹೆಣ್ಣುಗಡಲೆಂದೂ ಎರಡನೆಯದನ್ನು ಗಂಡುಗಡಲೆಂದೂ ಕರೆಯುತ್ತಾರೆ. ಸೇತುಯಾತ್ರೆಯ ಈ ಕೊನೆಯ ಹಂತವನ್ನು ಕಳೆದ ಮಾಘದಲ್ಲಿ ನಾನು ಕಾಲ್ನಡಿಗೆಯಲ್ಲಿ ಮುಗಿಸಿದೆ.

ಅದಕ್ಕೆ ಕಾರಣ ಒಂದು ಪುಟ್ಟ ಗಂಟು. ಸೇತುವಿನ ಮರಳನ್ನು ಪ್ರಯಾಗದ ತ್ರಿವೇಣಿಯಲ್ಲಿ ಕರಗಿಸಿ, ಗಂಗೆಯನ್ನು ತಂದು ರಾಮನಾಥನಿಗೆ ಅಭಿಷೇಕ ಮಾಡಿಸಿದರೆ ಕಾಶಿಯಾತ್ರೆ ಪೂರ್ಣವೆಂಬುದು ನಮ್ಮ ಹಿರಿಯರ ನಂಬಿಕೆ. ನನ್ನ ತಾಯಿ 1983ರಲ್ಲಿ ಆ ಮರಳನ್ನು ತಂದರು. ಪ್ರಯಾಗಕ್ಕೆ ನಾನೇ ಕರೆದೊಯ್ಯುವೆನೆಂದು ಮಾತು ಕೊಟ್ಟೆ. ಪಾಠ, ಪರೀಕ್ಷೆ, ಮೌಲ್ಯಮಾಪನವೆಂದು ವರ್ಷ ವರ್ಷವೂ ಮುಂದೂಡಿದೆ. ಅವರು ತೀರಿಕೊಂಡ ಮೇಲೆ ಗಂಟು ಪೆಟ್ಟಿಗೆಯಲ್ಲಿ ಹಾಗೆಯೇ ಇತ್ತು. ರಾಮೇಶ್ವರದ ನೆನಪು ಬಂದಾಗ ಅವರು ದೇಗುಲದ ಪ್ರಾಕಾರದ ಮಾತಾಡುತ್ತಿರಲಿಲ್ಲ. "ಎರಡು ಕಡಲಿನ ನಡುವೆ ಮರಳು ಬಗೆದು ಸಿಹಿನೀರು ಕೊಟ್ಟಳಪ್ಪ ಒಬ್ಬಾಕೆ" ಎನ್ನುತ್ತಿದ್ದರು. ಬಾಯಾರಿದವರಿಗೆ ಉಪ್ಪುನೀರೂ ಸಿಹಿಯೇ ಎಂದು ನಾನು ನಕ್ಕಿದ್ದೆ.

ನಾನು ತರಗತಿಯಲ್ಲಿ ಹೇಳುತ್ತಿದ್ದ ರಾಮೇಶ್ವರವೇ ಬೇರೆ. ಪೊನ್ನನಿಗೆ 'ಉಭಯಕವಿಚಕ್ರವರ್ತಿ' ಎಂಬ ಬಿರುದನ್ನಿತ್ತ ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನು, 949ರಲ್ಲಿ ತಕ್ಕೋಲದಲ್ಲಿ ಚೋಳರನ್ನು ಗೆದ್ದವನು, ರಾಮೇಶ್ವರದಲ್ಲಿ ಜಯಸ್ತಂಭವನ್ನು ನೆಟ್ಟನೆಂದು 959ರ ಕರ್ಹಾಡ ತಾಮ್ರಶಾಸನ ಸಾರುತ್ತದೆ. ಕನ್ನಡಿಗನಿಗೆ ಹೆಮ್ಮೆಯ ಸಂಗತಿಯೇ ಸರಿ. ಆದರೆ ಬಿಸಿಲಲ್ಲಿ ನಡೆಯುವವನಿಗೆ ಬೇಕಾದುದು ಕಂಬವಲ್ಲ. ನೆರಳು, ನೀರು, ಕಳ್ಳರಿಂದ ರಕ್ಷಣೆ. 17ನೆಯ ಶತಮಾನದ ಆರಂಭದಲ್ಲಿ ಮಧುರೆಯ ನಾಯಕರು ರಾಮನಾಡಿನ ಮರವ ಒಡೆಯರನ್ನು ಸೇತುಪತಿಗಳಾಗಿ ನೆಲೆಗೊಳಿಸಿದ್ದರ ಉದ್ದೇಶಗಳಲ್ಲಿ ಯಾತ್ರಿಕರ ದಾರಿಯನ್ನು ಕಾಯುವುದೂ ಒಂದು. ದಾರಿಯುದ್ದಕ್ಕೂ ಛತ್ರಗಳೆದ್ದವು. ಧನುಷ್ಕೋಟಿಯ ದಾರಿಯಲ್ಲಿ ಮುಕುಂದರಾಯರ್ ಛತ್ರವೆಂಬುದು ಇಂದಿಗೂ ಊರಿನ ಹೆಸರು.

1914ರಲ್ಲಿ ಪಾಂಬನ್ ಸೇತುವೆಯಾಗಿ ರೈಲು ಬಂದಿತು. ಧನುಷ್ಕೋಟಿಯಿಂದ ಸಿಂಹಳದ ತಲೈಮನ್ನಾರಿಗೆ ಹಡಗು ಹೊರಡುತ್ತಿತ್ತು. 1964ರ ಡಿಸೆಂಬರ್ 22ರ ರಾತ್ರಿ ಚಂಡಮಾರುತವೆದ್ದು, ನೂರಕ್ಕೂ ಹೆಚ್ಚು ಪ್ರಯಾಣಿಕರಿದ್ದ ರೈಲನ್ನೂ ಊರನ್ನೂ ಕಡಲು ನುಂಗಿತು. ವಾಸಯೋಗ್ಯವಲ್ಲವೆಂದು ಸರ್ಕಾರ ಆ ಊರನ್ನು ಕೈಬಿಟ್ಟಿತು. ತಾಯಿ ಹೋದಾಗ ಅಲ್ಲಿ ದಾರಿಯೇ ಇರಲಿಲ್ಲ. ತುದಿಯವರೆಗಿನ ಡಾಂಬರು ರಸ್ತೆ ತೆರೆದದ್ದು 2017ರಲ್ಲಿ.

ಆ ರಸ್ತೆಯಲ್ಲಿ ನಾನು ನಡೆದೆ. ಗಂಟೆ ಕಳೆದರೂ ಮುಂದೆ ಅದೇ ಬಿಳಿಯ ಮರಳು, ಅದೇ ನೀಲಿಯ ಗೆರೆ. ಎಷ್ಟು ನಡೆದೆನೆಂಬುದನ್ನು ಕಾಲು ಹೇಳಬೇಕೇ ಹೊರತು ಕಣ್ಣು ಹೇಳದು. ಮಾಡು ಹಾರಿಹೋದ ಇಗರ್ಜಿಯ ಗೋಡೆಗಳನ್ನು ಕಂಡಾಗ ಧನುಷ್ಕೋಟಿ ಬಂದಿತೆಂದು ತಿಳಿಯಿತು. ಒಯ್ದ ನೀರು ಮುಗಿದಿತ್ತು.

ಅಲ್ಲಿಂದ ತುಸು ದೂರದಲ್ಲಿ, ಬೆಸ್ತರ ಗರಿಯ ಗುಡಿಸಲುಗಳ ಬಳಿ, ಮುದುಕಿಯೊಬ್ಬಳು ಮರಳಿನ ಗುಂಡಿಯ ಪಕ್ಕದಲ್ಲಿ ಕುಳಿತು ಚಿಪ್ಪಿನಿಂದ ನೀರು ತೋಡಿ ಬಿಂದಿಗೆಗೆ ಸುರಿಯುತ್ತಿದ್ದಳು. ಕೇಳುವ ಮೊದಲೇ ಚಿಪ್ಪನ್ನು ನನ್ನತ್ತ ಚಾಚಿದಳು. ನೀರು ಸಿಹಿಯಾಗಿತ್ತು. ಮರಳಿಗಿಳಿದ ಮಳೆನೀರು ಹಗುರವಾದ್ದರಿಂದ ಉಪ್ಪುನೀರಿನ ಮೇಲೆ ತೆಳುವಾಗಿ ನಿಲ್ಲುತ್ತದೆ. ಇನ್ನಷ್ಟು ಆಳ ಮಾಡಬಾರದೇಕೆ ಎಂದು ನನಗೆ ಬಂದಷ್ಟು ತಮಿಳಿನಲ್ಲಿ ಕೇಳಿದೆ. "ಆಳ ತೋಡಿದರೆ ಉಪ್ಪು ಬರುತ್ತದೆ ಅಯ್ಯಾ. ಊರಿದಷ್ಟೇ ತೆಗೆಯಬೇಕು" ಎಂದಳು.

ತಾಯಿ ಹೇಳಿದ್ದು ನಿಜವಾಗಿತ್ತು. ತಾಮ್ರಪಟದ ಸಾಕ್ಷ್ಯವನ್ನು ನಂಬಿದ ನಾನು, ನೀರು ಕುಡಿದು ಬಂದ ಅವರ ಸಾಕ್ಷ್ಯವನ್ನು ನಂಬಿರಲಿಲ್ಲ.

ತುದಿಯನ್ನು ತಲುಪಿ ಎರಡು ಕಡಲೂ ಕೂಡುವಲ್ಲಿ ಮಿಂದೆ. ಗಂಟನ್ನು ಅಲ್ಲಿ ಬಿಚ್ಚಲಿಲ್ಲ. ಅದು ತ್ರಿವೇಣಿಯಲ್ಲಿ ಕರಗಬೇಕಾದ ಮರಳು. ಶ್ರೋತೃಗಳೇ, ಮಳೆಗಾಲ ಮುಗಿದೊಡನೆ ಪ್ರಯಾಗಕ್ಕೆ ಹೊರಡುವವನಿದ್ದೇನೆ.